ಕಾಯಿಲೆಯ ಖರ್ಚು ಯಾರದು?

ಮನೆಯಲ್ಲೊಬ್ಬರು ಹಾಸಿಗೆ ಹಿಡಿದರೆ ವೆಚ್ಚವನ್ನು ಹೊರುವವರು ಯಾರು? ಈ ಪ್ರಶ್ನೆಗೆ ಒಂದೊಂದು ದೇಶ ಒಂದೊಂದು ಬಗೆಯ ಉತ್ತರವನ್ನಿತ್ತಿದೆ. ಆ ಉತ್ತರಗಳ ಮಾದರಿಯನ್ನು ಕಾಣಲು ಕಡಲು ದಾಟಬೇಕಾಗಿಲ್ಲ. ಮೈಸೂರಿನ ಪಶ್ಚಿಮದ ನಾಲ್ಕು ತಾಲ್ಲೂಕುಗಳನ್ನು ಸುತ್ತಿಬಂದರೆ ಸಾಕು.

ಮೊದಲು ಕೃಷ್ಣರಾಜನಗರ. ಕಾವೇರಿಯ ನಾಲೆಗಳು ಹರಿಯುವ ಬತ್ತದ ಸೀಮೆ. ಸಾಲ, ಗೊಬ್ಬರಗಳಿಗಾಗಿ ರೈತ ಹತ್ತುವ ಸಹಕಾರ ಸಂಘದ ಮೆಟ್ಟಿಲೇ ಇಲ್ಲಿ ಶಸ್ತ್ರಚಿಕಿತ್ಸೆಗೂ ಮೊದಲ ಮೆಟ್ಟಿಲಾಯಿತು. 2003ರಲ್ಲಿ ಜಾರಿಗೆ ಬಂದ ಯಶಸ್ವಿನಿ ಯೋಜನೆಗೆ ಸದಸ್ಯನೊಬ್ಬನ ಆಗಿನ ವಂತಿಗೆ ವರ್ಷಕ್ಕೆ 60 ರೂಪಾಯಿ. ಗಟ್ಟಿಮುಟ್ಟಾಗಿರುವವನು ತೆತ್ತ ಹಣ ಕಾಯಿಲೆ ಬಿದ್ದವನಿಗೆ ಒದಗುವುದೇ ಇದರ ಸೂತ್ರ. 2018ರಲ್ಲಿ ಬೇರೊಂದು ಯೋಜನೆಯಲ್ಲಿ ಲೀನವಾದ ಇದು, ಕೆಲವು ವರ್ಷಗಳ ಬಳಿಕ ಮತ್ತೆ ಚಿಗುರಿತು. ಜರ್ಮನಿಯಲ್ಲಿ ಬಿಸ್ಮಾರ್ಕನು 1883ರಲ್ಲಿ ಕಾರ್ಮಿಕರಿಗಾಗಿ ಮಾಡಿದ ಕಾನೂನಿನ ಒಳತಿರುಳೂ ಇಂಥ ವಂತಿಗೆಯೇ. ಅಲ್ಲಿ ಕಾರ್ಮಿಕನೊಡನೆ ಮಾಲೀಕನೂ ಪಾಲು ಕೊಡಬೇಕಾಗಿತ್ತು.

ಲಕ್ಷ್ಮಣತೀರ್ಥದ ದಡದ ಹುಣಸೂರಿಗೆ ಬಂದರೆ ಹೊಗೆಸೊಪ್ಪಿನ ನಾಡು. ತಾಲ್ಲೂಕು ಆಸ್ಪತ್ರೆಗೂ ಹಳ್ಳಿಗಳ ಆರೋಗ್ಯ ಕೇಂದ್ರಗಳಿಗೂ ಹಣ ಬರುವುದು ಸರ್ಕಾರದ ಬೊಕ್ಕಸದಿಂದ. ತಂಬಾಕಿನ ತೆರಿಗೆ ಸೇರುವುದೂ ಬೊಕ್ಕಸಕ್ಕೇ, ತಂಬಾಕು ಕೆಡಿಸಿದ ಶ್ವಾಸಕೋಶಕ್ಕೆ ಮದ್ದು ಬರುವುದೂ ಬೊಕ್ಕಸದಿಂದಲೇ! ಬ್ರಿಟನ್ 1948ರ ಜುಲೈ 5ರಿಂದ ಹಿಡಿದಿರುವ ದಾರಿಯೂ ತೆರಿಗೆಯದೇ. ಆದರೆ ಅಲ್ಲಿ ಚಿಕಿತ್ಸೆಯ ಹೊರೆಯ ಬಹುಪಾಲನ್ನು ಬೊಕ್ಕಸ ಹೊತ್ತರೆ, ನಮ್ಮಲ್ಲಿ ಔಷಧಿಯ ಚೀಟಿ ಹಿಡಿದು ಅಂಗಡಿಗೆ ನಡೆದವರು ಬಹಳ.

ಪಿರಿಯಾಪಟ್ಟಣ ತಾಲ್ಲೂಕಿನ ಬೈಲುಕುಪ್ಪೆಯದು ಬೇರೆಯೇ ಲೋಕ. ನಾಡು ತೊರೆದು ಬಂದ ಟಿಬೆಟ್ಟಿನವರಿಗೆ ಅಂದಿನ ಮೈಸೂರು ಸರ್ಕಾರ ನೆಲವನ್ನಿತ್ತು, 1961ರಲ್ಲಿ ಇಲ್ಲಿ ವಸತಿ ನೆಲೆಗೊಂಡಿತು. ಆ ಜನ ತಮ್ಮದೇ ಆಸ್ಪತ್ರೆಯನ್ನು ನಡೆಸುತ್ತಾರೆ; ಆಧುನಿಕ ವೈದ್ಯದೊಡನೆ ತಮ್ಮ ಪರಂಪರೆಯ ವೈದ್ಯವನ್ನೂ ಉಳಿಸಿಕೊಂಡಿದ್ದಾರೆ. 2012ರಿಂದ ಅವರಲ್ಲಿಯೂ ವಂತಿಗೆಯ ಆರೋಗ್ಯ ನಿಧಿಯೊಂದು ಬಂದಿತು. ರಾಜ್ಯವನ್ನು ಕಳೆದುಕೊಂಡವರೂ ಪರಸ್ಪರರ ಹೊಣೆಯನ್ನು ಕಳೆದುಕೊಳ್ಳಲಿಲ್ಲ.

ಈ ಮೂರು ದಾರಿಗಳೂ ಮಂಕಾಗುವುದು ಹೆಗ್ಗಡದೇವನಕೋಟೆಯ ಕಾಡಿನಂಚಿನಲ್ಲಿ. ಕಬಿನಿಯ ಹಿನ್ನೀರಿನಿಂದಲೂ ವನ್ಯಜೀವಿ ರಕ್ಷಣೆಯ ಕಟ್ಟಳೆಗಳಿಂದಲೂ ನೆಲೆ ತಪ್ಪಿದ ಜೇನುಕುರುಬರಲ್ಲಿ ಎಷ್ಟೋ ಮಂದಿಗೆ ಸಂಘದ ಸದಸ್ಯತ್ವವೆಲ್ಲಿ, ವಂತಿಗೆಯ ಹಣವೆಲ್ಲಿ? ಚಿಕಿತ್ಸೆ ಉಚಿತವೆಂದರೂ ಒಂದು ದಿನದ ಕೂಲಿ ಹೋಯಿತು, ಬಸ್ಸಿನ ಚಾರ್ಜು ತೆರಬೇಕಾಯಿತು. ಮೈಸೂರು ವೈದ್ಯಕೀಯ ಕಾಲೇಜಿನ ವಿದ್ಯಾರ್ಥಿಯಾಗಿದ್ದ ಆರ್. ಬಾಲಸುಬ್ರಹ್ಮಣ್ಯಂ ಮತ್ತು ಗೆಳೆಯರು 1984ರಲ್ಲಿ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಸಂಸ್ಥೆಯನ್ನು ಕಟ್ಟಿದರು. 1987ರಲ್ಲಿ ಬ್ರಹ್ಮಗಿರಿಯ ಹಾಡಿಯಲ್ಲಿ ಚಿಕಿತ್ಸಾಲಯ ತೆರೆದರು. ಬಳಿಕ ಕೆಂಚನಹಳ್ಳಿಯಲ್ಲಿ, ಸರಗೂರಿನಲ್ಲಿ ಆಸ್ಪತ್ರೆಗಳೆದ್ದವು. ರೋಗಿ ಬರಲೆಂದು ಕಾಯದೆ ವೈದ್ಯನೇ ರೋಗಿಯ ಬಳಿಗೆ ನಡೆದ ದಾರಿಯಿದು.

ದಾನದ ತೊರೆ ಬೇಸಗೆಯಲ್ಲಿ ಬತ್ತಬಹುದು. ಆದುದರಿಂದ ದಾನವೊಂದನ್ನೇ ನಂಬಿ ನಾಡು ಕೂರಲಾಗದು. ತೆರಿಗೆಯೂ ಬೇಕು, ವಂತಿಗೆಯೂ ಬೇಕು. ಆದರೆ ಯಾರು ಹಣ ಕೊಡಬೇಕೆಂಬುದು ಅರ್ಧ ಪ್ರಶ್ನೆ ಮಾತ್ರ. ಯಾರು ಯಾರ ಬಾಗಿಲಿಗೆ ನಡೆದುಹೋಗಬೇಕೆಂಬುದು ಉಳಿದರ್ಧ. ಅದನ್ನು ಕಲಿಯಲು ಲಂಡನ್ನಿಗೋ ಬರ್ಲಿನ್ನಿಗೋ ಹೋಗಬೇಕಿಲ್ಲ. ಕೋಟೆಯ ಹಾಡಿಗಳ ಕಾಲುದಾರಿಯೇ ಕಲಿಸುತ್ತದೆ.