ನಂಜು ಮತ್ತು ಪಥ್ಯ

ಶಬ್ದಗಳ ಸಹವಾಸದಲ್ಲಿಯೇ ಮೂರು ದಶಕಗಳನ್ನು ಕಳೆದ ನನ್ನಂಥವನಿಗೆ ವೈದ್ಯಶಾಸ್ತ್ರದ ವಿಚಾರವಾಗಿ ಬರೆಯುವ ಅಧಿಕಾರವೇನೆಂದು ವಾಚಕರು ಕೇಳಬಹುದು. ಅಧಿಕಾರವಿಲ್ಲ, ಅನುಭವವುಂಟು. ಅದೂ ಎರಡು ಶಬ್ದಗಳ ಬೆನ್ನುಹತ್ತಿ ಬಂದ ಅನುಭವ.

ಮೊದಲನೆಯದು ‘ನಂಜು’. ಗಾಯವು ಕೀವುಗಟ್ಟಿ ಬಾತುಕೊಂಡರೆ ‘ನಂಜಾಗಿದೆ’ ಎನ್ನುವರು ನಮ್ಮ ಹಳ್ಳಿಯ ಜನ. ವಿಷವೆಂಬುದು ಅದರ ಮೂಲಾರ್ಥ. ನಂಜುಂಡನೆಂಬ ಹೆಸರಿನಲ್ಲಿ ನೆಲೆಸಿರುವುದೂ ಅದೇ. ವೈದ್ಯರು ಬಳಸುವ ‘ಸೆಪ್ಸಿಸ್’ ಎಂಬ ಶಬ್ದವಾದರೋ ಗ್ರೀಕ್ ಮೂಲದ್ದು, ಕೊಳೆಯುವಿಕೆ ಎಂದು ಅದರ ಅರ್ಥ. ಆದರೆ 2016ರಲ್ಲಿ ಅಂತರರಾಷ್ಟ್ರೀಯ ತಜ್ಞರ ಮಂಡಲಿಯೊಂದು ಕೊಟ್ಟ ನಿರ್ವಚನದಂತೆ ಈ ವ್ಯಾಧಿಯ ತಿರುಳು ಕೊಳೆತವೂ ಅಲ್ಲ, ಹೊರಗಿನ ವಿಷವೂ ಅಲ್ಲ. ಸೋಂಕನ್ನು ಎದುರಿಸಲು ಹೊರಟ ದೇಹವೇ ಹದ್ದುಮೀರಿ ತನ್ನ ಅಂಗಾಂಗಗಳನ್ನು ಪ್ರಾಣಾಂತಿಕವಾಗಿ ಕೆಡಿಸಿಕೊಳ್ಳುವ ಸ್ಥಿತಿಯದು. ಬೇಲಿಯೇ ಎದ್ದು ಹೊಲ ಮೇಯುವ ಪರಿ.

ಎರಡನೆಯ ಶಬ್ದ ‘ಪಥ್ಯ’. ಉಪ್ಪು, ಹುಳಿ, ಖಾರಗಳನ್ನು ಬಿಡುವುದೇ ಪಥ್ಯವೆಂದು ಲೋಕರೂಢಿ. ಪಥದಿಂದ ಅಗಲದೆ ಇರುವುದು ಪಥ್ಯವೆಂದು ವೈಯಾಕರಣರ ಮತ. ಪಥವೆಂದ ಮೇಲೆ ನಡಿಗೆಯಿದೆ, ಇಂದಿನ ಹೆಜ್ಜೆ ನಾಳೆಯದಲ್ಲ. ಪ್ರಾಚೀನ ಆಯುರ್ವೇದವು ಶೋಧನ ಚಿಕಿತ್ಸೆಯ ತರುವಾಯ ಮೊದಲು ಅಗುಳಿಲ್ಲದ ತಿಳಿಯಾದ ಮಂಡ, ಬಳಿಕ ತೆಳ್ಳನೆಯ ಪೇಯ, ಅನಂತರ ಗಟ್ಟಿಯಾದ ವಿಲೇಪಿ, ಕಡೆಗೆ ಅನ್ನವೆಂದು ಕ್ರಮ ಹೇಳಿರುವುದರ ಮರ್ಮವೂ ಇದೇ ಇರಬೇಕು. ಈ ಎರಡು ಶಬ್ದಗಳೂ ಒಂದೇ ಮಂಚದ ಬಳಿ ನನಗೆ ಎದುರಾದುವು.

2024ರ ಶ್ರಾವಣಮಾಸ. ನಮ್ಮಣ್ಣನಿಗೆ ಹೊಲದಲ್ಲಿ ಜಾಲಿಮುಳ್ಳು ತುಳಿದು ಬಲಗಾಲು ನಂಜಾಯಿತು. ಮೊದಲೇ ಸಕ್ಕರೆ ಕಾಯಿಲೆಯ ದೇಹ. ನಾಲ್ಕನೆಯ ದಿನ ಜ್ವರ ಏರಿ, ಮಾತು ತೊದಲಿ, ರಕ್ತದೊತ್ತಡ ಕುಸಿದು, ಜಿಲ್ಲಾಕೇಂದ್ರದ ಆಸ್ಪತ್ರೆಯೊಂದರ ತೀವ್ರ ನಿಗಾ ಘಟಕಕ್ಕೆ ಸೇರಿಸಬೇಕಾಯಿತು. ಎರಡು ಬೆರಳುಗಳನ್ನು ತೆಗೆದರು. ಉಸಿರಾಟ ಯಂತ್ರದ ಪಾಲಿಗೆ ಹೋಯಿತು.

ಅತ್ತಿಗೆಯವರು ಪ್ರತಿದಿನವೂ ಗಂಜಿಯನ್ನು ಕಾಯಿಸಿ ಡಬ್ಬಿಯಲ್ಲಿ ತರುತ್ತಿದ್ದರು. ಸಂಜೆ ಅದನ್ನು ಹಾಗೆಯೇ ಹಿಂದಕ್ಕೆ ಒಯ್ಯುತ್ತಿದ್ದರು. ಮೂಗಿನ ನಳಿಕೆಯ ಮೂಲಕ ಅಣ್ಣನಿಗೆ ಸಲ್ಲುತ್ತಿದ್ದುದು ಗಂಟೆಗೆ 20 ಮಿಲಿಲೀಟರು ದ್ರವಾಹಾರ, ಅಂದರೆ ಇಡೀ ಹಗಲಿರುಳಿಗೆ ಅರ್ಧ ಲೀಟರಿಗೂ ಕಡಿಮೆ. ಬಂದ ನೆಂಟರೆಲ್ಲರದೂ ಒಂದೇ ಮಾತು: “ರೋಗಕ್ಕಿಂತ ಮೊದಲು ಹಸಿವೆಯೇ ಕೊಂದೀತು.” ಉಣ್ಣಿಸುವುದೇ ಅಕ್ಕರೆಯೆಂದು ತಿಳಿದ ನಾಡಿನಲ್ಲಿ ಆ ಮಾತಿನ ನೋವು ಸುಳ್ಳಲ್ಲ. ‘ಬಾಟಲಿಯನ್ನಾದರೂ ಏರಿಸಿರಿ, ಶಕ್ತಿ ಬಂದೀತು’ ಎಂದು ಇನ್ನೊಬ್ಬರು. ಗ್ಲೂಕೋಸು ಬೆರೆತ ಅರ್ಧ ಲೀಟರಿನ ಸಾಮಾನ್ಯ ಬಾಟಲಿಯೊಂದರಲ್ಲಿರುವ ಸಕ್ಕರೆ 25 ಗ್ರಾಂ. ಅದರ ಶಕ್ತಿ ನೂರು ಕ್ಯಾಲೊರಿಯೂ ಆಗದು. ಬರಿಯ ಸಲೈನಿನಲ್ಲಿ ಅದೂ ಇಲ್ಲ, ಉಪ್ಪು ನೀರು ಮಾತ್ರ.

ಒಂದು ಸಂಜೆ ಅತ್ತಿಗೆಯವರು ವೈದ್ಯರನ್ನು ತಡೆದು ಕೇಳಿಯೇ ಬಿಟ್ಟರು: “ಡಾಕ್ಟರೇ, ನಮ್ಮವರನ್ನು ಉಪವಾಸ ಕೆಡವಿದ್ದೀರಲ್ಲ?”

ಆ ತರುಣ ವೈದ್ಯರು ಬೇಸರಿಸದೆ ಅಲ್ಲಿಯೇ ಬೆಂಚಿನ ಮೇಲೆ ಕುಳಿತು ವಿವರಿಸಿದರು. ನಂಜಿನ ಮೊದಲ ದಿನಗಳಲ್ಲಿ ದೇಹವು ತನ್ನ ಸ್ನಾಯುಗಳನ್ನೇ ಕರಗಿಸಿ ಉರುವಲು ಮಾಡಿಕೊಳ್ಳುತ್ತದೆ. ಹೊರಗಿನಿಂದ ಎಷ್ಟು ಸುರಿದರೂ ಆ ಕರಗುವಿಕೆ ನಿಲ್ಲದು, ರಕ್ತದ ಸಕ್ಕರೆ ಮಾತ್ರ ಏರೀತು. ಒತ್ತಡವನ್ನು ಎತ್ತಿ ನಿಲ್ಲಿಸುವ ಔಷಧ ಹರಿಯುತ್ತಿರುವಾಗ ಕರುಳಿಗೆ ಸಲ್ಲುವ ರಕ್ತವೇ ಕಡಿಮೆ. ಅಂಥ ಕರುಳಿಗೆ ತುಂಬು ಊಟದ ಹೊರೆ ಹೊರಿಸಿದರೆ ಅದು ಕಮರೀತು. ಹಾಗೆಂದು ಏನನ್ನೂ ಕೊಡದಿದ್ದರೆ ಕರುಳಿನ ಒಳಪೊರೆ ಸೊರಗುತ್ತದೆ. ಏಕೆಂದರೆ ತನ್ನ ಮೇಲೆ ಹಾಯುವ ಆಹಾರದಿಂದಲೇ ಅದು ಪೋಷಣೆ ಪಡೆಯುತ್ತದೆ. “ಆದ್ದರಿಂದ ಕರುಳನ್ನು ಎಚ್ಚರವಾಗಿಡುವಷ್ಟು ಈಗ, ತುಂಬು ಊಟ ಆಮೇಲೆ. ಬಾಯಲ್ಲಿ ಮಾತ್ರ ಒಂದು ಚಮಚವನ್ನೂ ಹಾಕಬೇಡಿ ಅಮ್ಮಾ, ಗಂಟಲಿಗೆ ಈಗ ನುಂಗುವ ಎಚ್ಚರವಿಲ್ಲ, ಶ್ವಾಸಕೋಶಕ್ಕೆ ಇಳಿದೀತು,” ಎಂದರು.

ನನ್ನತ್ತ ತಿರುಗಿ, “ಮೇಷ್ಟ್ರೇ, ಇದು ನನ್ನ ಸ್ವಂತ ಕಲ್ಪನೆಯಲ್ಲ,” ಎಂದು 2023ರಲ್ಲಿ ಪ್ರಕಟವಾದ ಫ್ರಾನ್ಸ್ ದೇಶದ ಅಧ್ಯಯನವೊಂದನ್ನು ತಿಳಿಸಿದರು. ಯಂತ್ರದ ಉಸಿರಾಟದಲ್ಲಿದ್ದು ರಕ್ತದೊತ್ತಡ ಕುಸಿದಿದ್ದ 3044 ರೋಗಿಗಳಲ್ಲಿ ಒಂದು ಗುಂಪಿಗೆ ಮೊದಲ ವಾರ ದಿನಕ್ಕೆ ದೇಹತೂಕದ ಕಿಲೋ ಒಂದಕ್ಕೆ 25 ಕ್ಯಾಲೊರಿ, ಇನ್ನೊಂದಕ್ಕೆ 6 ಮಾತ್ರ. ತೊಂಬತ್ತು ದಿನಗಳಲ್ಲಿ ಮರಣದ ಪ್ರಮಾಣದಲ್ಲಿ ಗಣನೀಯ ಭೇದ ಕಾಣಲಿಲ್ಲ. ಆದರೆ ಕಡಿಮೆ ಪಡೆದವರಲ್ಲಿ ವಾಂತಿ, ಭೇದಿ, ಕರುಳಿನ ರಕ್ತದ ಕೊರತೆಗಳು ಕಡಿಮೆಯಾಗಿ, ಅವರು ಘಟಕದಿಂದ ಹೊರಬರಲು ತುಸು ಮೊದಲೇ ಸಿದ್ಧರಾದರು.

ಲಂಘನವೇ ಮದ್ದೆಂದು ಹೇಳುತ್ತ ಬಂದವರು ಇದನ್ನು ಕೇಳಿ ಹಿಗ್ಗುವುದು ಬೇಡ. ಆರು ಕ್ಯಾಲೊರಿಯೂ ಆಹಾರವೇ. ಸಾಧ್ಯವಾದವರಿಗೆ 72 ಗಂಟೆಗಳೊಳಗೆ ಕರುಳಿನ ಮೂಲಕ ಆಹಾರವನ್ನು ಆರಂಭಿಸಬೇಕೆಂದು 2021ರ ಅಂತರರಾಷ್ಟ್ರೀಯ ಮಾರ್ಗಸೂಚಿಯೂ ಸಲಹೆ ಮಾಡಿದೆ. ಉಪವಾಸ ಬೇರೆ, ಮಿತಿ ಬೇರೆ.

ಆ ದಿನದಿಂದ ಗಂಜಿಯ ಡಬ್ಬಿ ಬರಲಿಲ್ಲ. ಅತ್ತಿಗೆಯವರು ಮಾತ್ರ ಬಂದು ಗಾಜಿನಾಚೆ ನಿಂತು ನಳಿಕೆಯ ಹನಿಗಳನ್ನು ಎಣಿಸುತ್ತಿದ್ದರು.

ಏಳನೆಯ ದಿನ ಯಂತ್ರವನ್ನು ತೆಗೆದರು. ಹನ್ನೊಂದನೆಯ ದಿನ ಸಾಮಾನ್ಯ ವಾರ್ಡು. ನಿಜವಾದ ಕಷ್ಟ ಮನೆಗೆ ಬಂದ ಮೇಲೆ ಆರಂಭವಾಯಿತು. ಗಂಡಾಂತರ ಕಳೆಯಿತೆಂದು ಎಲ್ಲರೂ ನಿಶ್ಚಿಂತರಾಗುವ ಹೊತ್ತಿಗೆ ರೋಗಿಯು ಎದ್ದು ನಿಲ್ಲಲಾರ. ತೊಡೆಗಳು ನನ್ನ ಮುಂಗೈಯಷ್ಟಾಗಿದ್ದುವು. 2013ರಲ್ಲಿ ಪ್ರಕಟವಾದ ಬ್ರಿಟನ್ನಿನ ಒಂದು ಅಧ್ಯಯನದಲ್ಲಿ ಇಂಥ ರೋಗಿಗಳ ತೊಡೆಯ ಸ್ನಾಯುವನ್ನು ಅಳೆದಾಗ ಹತ್ತು ದಿನಗಳಲ್ಲಿ ಆರರಲ್ಲೊಂದು ಪಾಲಿಗಿಂತಲೂ ಹೆಚ್ಚು ಕರಗಿತ್ತಂತೆ. ಅದನ್ನು ಮರಳಿ ಕಟ್ಟಬೇಕಾದರೆ ಪ್ರೋಟೀನು ಬೇಕು, ಮೇಲೆ ನಡಿಗೆ ಬೇಕು.

ಊರಿನ ಹಿರಿಯರ ಪಥ್ಯ ಬೇರೆ: ತಿಂಗಳೊಪ್ಪತ್ತು ಅಕ್ಕಿಗಂಜಿ, ತಿಳಿಸಾರು, ಬೇಳೆ ವಾಯು, ಮೊಸರು ಶೀತ. ಗಂಜಿಯ ಮೇಲೆ ನನಗೆ ದ್ವೇಷವಿಲ್ಲ, ಅದನ್ನುಂಡೇ ಬೆಳೆದವನು. ಆದರೆ ಮೂವತ್ತು ಗ್ರಾಂ ಅಕ್ಕಿಯ ಗಂಜಿಯಲ್ಲಿರುವ ಪ್ರೋಟೀನು ಸುಮಾರು ಎರಡು ಗ್ರಾಂ. ಮೂತ್ರಪಿಂಡಗಳು ಸರಿಯಾಗಿವೆಯೆಂದು ಪರೀಕ್ಷಿಸಿದ ಮೇಲೆ ಅರವತ್ತು ಕಿಲೋ ತೂಕದ ಅಣ್ಣನಿಗೆ ಆಸ್ಪತ್ರೆಯ ಆಹಾರತಜ್ಞೆ ಬರೆದುಕೊಟ್ಟುದು ದಿನಕ್ಕೆ 75 ಗ್ರಾಂ. ಆ ಲೆಕ್ಕಕ್ಕೆ ಗಂಜಿಯನ್ನೇ ನಂಬಿದರೆ ಕೊಳಗಗಟ್ಟಲೆ ಕುಡಿಯಬೇಕು! ನೂರು ಗ್ರಾಂ ಹೆಸರುಬೇಳೆಯಲ್ಲಾದರೋ ಸುಮಾರು 24 ಗ್ರಾಂ ಇದೆ. ದೊಡ್ಡ ಲೋಟದ ಹಾಲಿನಲ್ಲಿ ಎಂಟು.

ಮೂರನೆಯ ತರಗತಿಗೆ ಓದು ನಿಲ್ಲಿಸಿದ ಅತ್ತಿಗೆಯವರು ಹಾಲಿನ ಲೆಕ್ಕದ ಪುಸ್ತಕದ ಹಿಂಬದಿಯಲ್ಲಿ ಗೆರೆ ಎಳೆದು ಬೇಳೆ, ಮೊಸರು, ಶೇಂಗಾ, ರೊಟ್ಟಿಗಳ ಲೆಕ್ಕ ಬರೆಯತೊಡಗಿದರು. ವಾಯುವಿನ ಮಾತೆತ್ತಿದ ನೆರೆಯ ಹಿರಿಯಮ್ಮನಿಗೆ, “ಆಗ ಕಡಿಮೆ ಕೊಡಿ ಅಂದ ಡಾಕ್ಟರೇ ಈಗ ಹೆಚ್ಚು ಕೊಡಿ ಅಂದಿದ್ದಾರೆ, ಅತ್ತೆಮ್ಮಾ. ಆಗ ಕೇಳಿದೆ, ಈಗಲೂ ಕೇಳುತ್ತೇನೆ,” ಎಂದರಂತೆ. ಪಥ್ಯ ಶಬ್ದಕ್ಕೆ ಇದಕ್ಕಿಂತ ಸೊಗಸಾದ ವ್ಯಾಖ್ಯಾನವನ್ನು ನಾನು ಯಾವ ಟೀಕಾಗ್ರಂಥದಲ್ಲಿಯೂ ಓದಿಲ್ಲ.

ದೀಪಾವಳಿಯ ವೇಳೆಗೆ ಅಣ್ಣ ಗೋಡೆ ಹಿಡಿದು ಹಿತ್ತಿಲಿನವರೆಗೆ ನಡೆದ. ಸಂಕ್ರಾಂತಿಗೆ ಕೋಲೂರಿ ಹೊಲದ ಬದುವಿನವರೆಗೆ. ತೊಡೆ ಇನ್ನೂ ಮೊದಲಿನ ಗಾತ್ರಕ್ಕೆ ಬಂದಿಲ್ಲ. ಹಾಲಿನ ಪುಸ್ತಕದ ಹಿಂಬದಿಯಲ್ಲಿ ಬೇಳೆಯ ಲೆಕ್ಕ ಮುಂದುವರಿದೇ ಇದೆ.