ಡಿ.ಎನ್. ರೋಡಿನಲ್ಲಿ ನಮ್ಮ ಹತ್ತಿ

ಮುಂಬೈನ ವಿ.ಟಿ. ಸ್ಟೇಷನ್ನಿನಿಂದ ಫ್ಲೋರಾ ಫೌಂಟನ್‌ವರೆಗೆ ಯಾವತ್ತಾದರೂ ನಡೆದಿದ್ದೀರಾ? ಅದು ದಾದಾಭಾಯಿ ನವರೋಜಿ ರಸ್ತೆ, ಅಲ್ಲಿನವರ ಬಾಯಲ್ಲಿ ಡಿ.ಎನ್. ರೋಡ್. ಮಳೆಗಾಲದಲ್ಲೂ ಎಷ್ಟೋ ದೂರ ಛತ್ರಿ ಬಿಚ್ಚದೆ ಹೋಗಬಹುದು. ಕಟ್ಟಡಗಳ ಕೆಳಗೆ ಉದ್ದಕ್ಕೂ ಕಮಾನಿನ ಪಡಸಾಲೆ ಇದೆ. ತಲೆಯೆತ್ತಿ ನೋಡಿದರೆ ಮಾತ್ರ ಒಂದು ಕಟ್ಟಡದ ಹಾಗೆ ಇನ್ನೊಂದಿಲ್ಲ. ನೆಲಮಹಡಿಯಲ್ಲಿ ನಡೆಯುವವರಿಗೆ ಪಡಸಾಲೆ ಬಿಡಲೇಬೇಕು ಅಂತ 1896ರಲ್ಲಿ ಸರ್ಕಾರ ನಿಯಮ ಮಾಡಿತ್ತು. ನಮ್ಮ ಆಫೀಸ್ ಭಾಷೆಯಲ್ಲಿ ಹೇಳೋದಾದ್ರೆ, ಒಳಗಿನ ಕೋಡ್ ನಿಮ್ಮಿಷ್ಟ, ಇಂಟರ್‌ಫೇಸ್ ಮಾತ್ರ ಎಲ್ಲರದೂ ಒಂದೇ.

ನನಗೆ ಆ ರಸ್ತೆ ಹಿಡಿಸಿದ್ದಕ್ಕೆ ಇನ್ನೊಂದು ಕಾರಣ ಇದೆ. ಅದರ ಕಥೆಯಲ್ಲಿ ಧಾರವಾಡದ ಎರೆಹೊಲದ ಹತ್ತಿಯೂ ಇದೆ. ನಾನು ಹುಟ್ಟಿ ಬೆಳೆದದ್ದು ಅಂಥ ಹೊಲದ ಬದಿಯಲ್ಲೇ.

1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾಯಿತು. ದಕ್ಷಿಣದ ಬಂದರುಗಳಿಗೆ ಉತ್ತರದವರು ದಿಗ್ಬಂಧನ ಹಾಕಿದರು. ಲ್ಯಾಂಕಾಶೈರ್‌ನ ಗಿರಣಿಗಳಿಗೆ ಹತ್ತಿ ಇಲ್ಲದಂತಾಯಿತು. ಇಂಗ್ಲೆಂಡಿನವರ ಕಣ್ಣು ಬಿದ್ದದ್ದು ಇಂಡಿಯಾದ ಮೇಲೆ. ಧಾರವಾಡದ ಕಡೆ ಅಮೆರಿಕನ್ ತಳಿಯ ಹತ್ತಿ ಬೆಳೆಸುವ ಪ್ರಯತ್ನ ಅಷ್ಟರಲ್ಲೇ ನಡೆದಿತ್ತು. ಆಗಿನ್ನೂ ನಮ್ಮ ಕಡೆ ರೈಲಿಲ್ಲ. ಚಕ್ಕಡಿ ಮೇಲೆ ಅಂಡಿಗೆ ಹೇರಿ, ಘಟ್ಟ ಇಳಿದು, ಕುಮಟಾ ಬಂದರಿಗೆ ಹೋಗಿ, ಅಲ್ಲಿಂದ ಹಡಗಿನಲ್ಲಿ ಬಾಂಬೆಗೆ. 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸಿನಿಂದ ಬಾಂಬೆ ಪ್ರೆಸಿಡೆನ್ಸಿಗೆ ಸೇರಿಸಿದ್ದರ ಹಿಂದೆಯೂ ಕಾರವಾರ ಬಂದರು ಮತ್ತು ಹತ್ತಿಯ ಲೆಕ್ಕಾಚಾರ ಇತ್ತು.

ಬಾಂಬೆಯಲ್ಲಿ ದುಡ್ಡಿನ ಹೊಳೆ ಹರಿಯಿತು. ದಿನಕ್ಕೊಂದು ಬ್ಯಾಂಕು, ಹೋದಲ್ಲೆಲ್ಲ ಷೇರಿನ ಮಾತು. ಅದೇ ಹೊತ್ತಿಗೆ ಗವರ್ನರ್ ಬಾರ್ಟಲ್ ಫ್ರೀರ್ ಹಳೇ ಕೋಟೆ ಗೋಡೆ ಕೆಡವಿಸಿದರು. ಒಳಗಿದ್ದ ಸಣ್ಣ ಬೀದಿ ಅಗಲವಾಗಿ ಹಾರ್ನ್‌ಬಿ ರೋಡ್ ಆಯಿತು. 1865ರಲ್ಲಿ ಯುದ್ಧ ಮುಗಿದದ್ದೇ ತಡ, ಹತ್ತಿ ದರ ಬಿತ್ತು, ಬ್ಯಾಂಕುಗಳು ಮುಳುಗಿದವು, ಪ್ರೇಮ್‌ಚಂದ್ ರಾಯ್‌ಚಂದ್ ಅವರಂಥ ದೊಡ್ಡ ಕುಳವೇ ನೆಲಕಚ್ಚಿತು. ಊರು ಮಾತ್ರ ಚೇತರಿಸಿಕೊಂಡಿತು. ಇವತ್ತು ನಾವು ನೋಡುವ ಕಟ್ಟಡಗಳಲ್ಲಿ ಹೆಚ್ಚಿನವು ಎದ್ದದ್ದು ಆಮೇಲೆಯೇ.

ರೈತರ ಪಾಡು ಬೇರೆ. ದರ ಇದ್ದಾಗ ಸಿಕ್ಕ ಸಾಲ, ದರ ಬಿದ್ದಮೇಲೂ ಉಳಿಯಿತು. ಹತ್ತು ವರ್ಷದ ನಂತರ, 1875ರಲ್ಲಿ, ಪುಣೆ ಮತ್ತು ಅಹ್ಮದ್‌ನಗರದ ಹಳ್ಳಿಗಳಲ್ಲಿ ರೈತರು ಸಾಹುಕಾರರ ಮನೆಗೆ ನುಗ್ಗಿ ಸಾಲಪತ್ರ ಸುಟ್ಟರು. ಅದಕ್ಕಿದ್ದ ಕಾರಣಗಳಲ್ಲಿ ಈ ಹತ್ತಿಯ ಏರಿಳಿತವೂ ಒಂದು.

ಸ್ವಾತಂತ್ರ್ಯ ಬಂದಮೇಲೆ ರಸ್ತೆಗೆ ಇಟ್ಟ ಹೆಸರು ದಾದಾಭಾಯಿ ನವರೋಜಿಯವರದು. ಆ ಆಯ್ಕೆ ನನಗೆ ಬಹಳ ಹಿಡಿಸುತ್ತದೆ. 1859ರಲ್ಲಿ ಅವರೇ ಒಂದು ಹತ್ತಿ ವ್ಯಾಪಾರದ ಕಂಪನಿ ಶುರುಮಾಡಿದ್ದರು, ವ್ಯಾಪಾರದ ಒಳಗುಟ್ಟು ಗೊತ್ತಿದ್ದವರು. ಮುಂದೆ ಈ ದೇಶದ ಸಂಪತ್ತು ಹೇಗೆ ಸೋರಿ ಇಂಗ್ಲೆಂಡಿಗೆ ಹೋಗುತ್ತಿದೆ ಅಂತ ಅಂಕಿಸಂಖ್ಯೆ ಸಮೇತ ಲೆಕ್ಕ ಒಪ್ಪಿಸಿದರು.

ಅಪ್ಪ ಈಗಲೂ ಹತ್ತಿ ಬಿತ್ತುತ್ತಾರೆ. ನ್ಯೂಯಾರ್ಕಿನ ವಾಯಿದೆ ಮಾರುಕಟ್ಟೆ ಅಲುಗಿದರೆ ಹುಬ್ಬಳ್ಳಿ ಅಡತಿ ಅಂಗಡಿಯ ದರವೂ ಅಲುಗುತ್ತದೆ. ಅಮೆರಿಕದ ಕ್ಲೈಂಟ್ ಬಜೆಟ್ ಕಡಿಮೆ ಮಾಡಿದರೆ ಬೆಂಗಳೂರಿನಲ್ಲಿ ನಮ್ಮ ಟೀಮಿಗೂ ನಿದ್ದೆ ಬರಲ್ಲ. ಫ್ಲೋರಾ ಫೌಂಟನ್ ಹತ್ತಿರ ನವರೋಜಿಯವರ ಪ್ರತಿಮೆ ಇದೆ. ಆ ಕಡೆ ಹೋದರೆ ಎರಡು ನಿಮಿಷ ನಿಂತು ನೋಡಿ. ದುಡ್ಡು ಎಲ್ಲಿಂದ ಬಂತು, ಎಲ್ಲಿಗೆ ಹೋಯ್ತು ಅಂತ ಕೇಳಿದ ಮನುಷ್ಯ ಅವರು.