ತುರುವೇಕೆರೆಯಿಂದ ಟಾಟಾ ಇನ್‌ಸ್ಟಿಟ್ಯೂಟಿಗೆ

ಬಾಣಸಂದ್ರದಲ್ಲಿ ರೈಲುಗಾಡಿಯನ್ನು ಹತ್ತಿ ಬೆಂಗಳೂರಿಗೆ ಹೊರಟವರಿಗೆ ಗುಬ್ಬಿಯು ಕಳೆಯುವವರೆಗೂ ಇಕ್ಕೆಲಗಳಲ್ಲಿ ತೆಂಗಿನ ತೋಟಗಳು ಕಾಣುತ್ತಲೇ ಇರುವುವು. ನಮ್ಮ ತುರುವೇಕೆರೆಯ ಸೀಮೆಗೆ ಈ ಮರವೇ ಕಲ್ಪವೃಕ್ಷ. ಆದರೆ ಈಚೆಗೊಂದು ದಿನ ನಾನು ಮೊಮ್ಮಗಳೊಡನೆ ಆ ದಾರಿಯಲ್ಲಿ ಹೋದದ್ದು ಕೊಬ್ಬರಿಯ ವ್ಯವಹಾರಕ್ಕಲ್ಲ. ಭೌತಶಾಸ್ತ್ರದಲ್ಲಿ ಬಿ.ಎಸ್ಸಿ. ಮುಗಿಸಿರುವ ಆಕೆಗೆ ಮುಂದೆ ಕೆಲವು ವರ್ಷ ಸಂಶೋಧನೆ ಮಾಡಬೇಕೆಂಬ ಹಟ. ಸಂಬಳದ ಕೆಲಸಕ್ಕೆ ಸೇರಲೆಂದು ಆಕೆಯ ತಂದೆಯ ಅಭಿಪ್ರಾಯ. ತೀರ್ಪಿನ ಭಾರವು ನನ್ನ ಮೇಲೆ ಬಿದ್ದಿತು. ಕಣ್ಣಾರೆ ಕಾಣದೆ ತೀರ್ಪು ಹೇಳಬಾರದೆಂದು, ಭಾರತೀಯ ವಿಜ್ಞಾನ ಸಂಸ್ಥೆಯು ಸಾರ್ವಜನಿಕರಿಗೆ ಬಾಗಿಲು ತೆರೆಯುವ ದಿನವನ್ನು ನೋಡಿ ಹೊರಟೆವು.

ಯಶವಂತಪುರದಲ್ಲಿ ಇಳಿದರೆ ಸಂಸ್ಥೆಯು ಸಮೀಪವೇ. 1909ರಲ್ಲಿ ಸ್ಥಾಪಿತವಾದ ಇದನ್ನು ಹಳಬರು ಇಂದಿಗೂ ಟಾಟಾ ಇನ್‌ಸ್ಟಿಟ್ಯೂಟೆಂದೇ ಕರೆಯುವರು. ಜಮ್‌ಶೇಟ್‌ಜಿ ಟಾಟಾ ಅವರ ಸಂಕಲ್ಪಕ್ಕೆ ಮೈಸೂರು ಸಂಸ್ಥಾನವು ನೆಲವನ್ನು ಕೊಟ್ಟಿತು. ಕೇಂದ್ರ ಸರ್ಕಾರವು 2023ರಲ್ಲಿ ಸುಮಾರು 6,000 ಕೋಟಿ ರೂಪಾಯಿಗಳ ರಾಷ್ಟ್ರೀಯ ಕ್ವಾಂಟಮ್ ಅಭಿಯಾನವನ್ನು ಮಂಜೂರು ಮಾಡಿ, ಮರುವರ್ಷ ಗಣಕದ ವಿಭಾಗಕ್ಕೆ ಈ ಸಂಸ್ಥೆಯನ್ನೂ, ಸಂದೇಶ ಸಂವಹನಕ್ಕೆ ಮದರಾಸಿನ ಐಐಟಿಯನ್ನೂ, ಸೂಕ್ಷ್ಮ ಮಾಪನಕ್ಕೆ ಮುಂಬಯಿಯ ಐಐಟಿಯನ್ನೂ ಕೇಂದ್ರಗಳನ್ನಾಗಿ ಆರಿಸಿತು.

ಒಂದು ಪ್ರಯೋಗಶಾಲೆಯಲ್ಲಿ ದೇವಾಲಯದ ತೂಗುದೀಪದಂತೆ ಅಂತಸ್ತು ಅಂತಸ್ತಾಗಿ ಇಳಿಬಿದ್ದ ಶೀತಲಯಂತ್ರವನ್ನು ಕಂಡೆವು. ಇಂಥ ಯಂತ್ರದ ತಳವು ಮೈನಸ್ 273 ಡಿಗ್ರಿಯ ಹತ್ತಿರಕ್ಕೆ, ಅಂದರೆ ಶೈತ್ಯದ ಪರಮಾವಧಿಯ ಸಮೀಪಕ್ಕೆ, ಇಳಿಯುವುದಂತೆ. ಸಾಮಾನ್ಯ ಗಣಕದ ಅಂಕೆಯು ಸೊನ್ನೆ ಇಲ್ಲವೆ ಒಂದು. ಕ್ವಾಂಟಮ್ ಅಂಕೆಯಾದರೋ ಅಳೆಯುವವರೆಗೆ ಎರಡರ ಮಿಶ್ರಸ್ಥಿತಿಯಲ್ಲಿರಬಲ್ಲುದು. ಕಿಂಚಿತ್ತು ಶಾಖ ತಗುಲಿದರೂ ಆ ಸ್ಥಿತಿಯು ಕೆಡುವುದು.

"ಅಟ್ಟದ ಮೇಲಿನ ಕಾಯಂತೆ ಅಲ್ಲವೇನಮ್ಮ? ಒಡೆಯುವವರೆಗೆ ಕೊಬ್ಬರಿಯಾಗಿದೆಯೋ ಇಲ್ಲವೋ ತಿಳಿಯದು" ಎಂದೆನು.

"ಅಲ್ಲ ತಾತ. ಕಾಯೊಳಗೆ ಏನಿದೆಯೆಂಬುದು ಮೊದಲೇ ನಿಶ್ಚಯವಾಗಿರುತ್ತದೆ, ನಮಗೆ ಮಾತ್ರ ಗೊತ್ತಿರದು. ಇಲ್ಲಿ ಅಳೆಯುವ ಮುನ್ನ ಆ ನಿಶ್ಚಯವೇ ಇರುವುದಿಲ್ಲ."

"ಹಾಗಾದರೆ ನಮ್ಮ ವೇದಾಂತಿಗಳ ಅನಿರ್ವಚನೀಯವೇ ಸರಿ" ಎಂದು ನಾನು ಹಿಗ್ಗಿದೆನು. ಆಕೆ ನಕ್ಕು, "ಹೇಳಲಾಗದ್ದೆಂದರೆ ಆಗಲಿಲ್ಲ ತಾತ. ಯಾವ ಉತ್ತರ ಎಷ್ಟು ಸಲ ಬರುವುದೆಂದು ಇಲ್ಲಿ ಮೊದಲೇ ಲೆಕ್ಕ ಹಾಕಿ ಹೇಳುತ್ತಾರೆ" ಎಂದಳು. ಪದವು ಹೋಲಿದ ಮಾತ್ರಕ್ಕೆ ಜ್ಞಾನವು ಒಂದಾಗದೆಂಬ ಪಾಠವನ್ನು ಮೇಷ್ಟರು ಅಂದು ಶಿಷ್ಯರಾಗಿ ಕಲಿತರು.

ಹಿಂದಿರುಗುವಾಗ ನೆರೆಯ ರಾಮನ್ ಸಂಶೋಧನ ಸಂಸ್ಥೆಯ ಮುಂದೆ ಹಾದುಹೋದೆವು. ಸರ್ ಸಿ. ವಿ. ರಾಮನ್ ಅವರು 1948ರಲ್ಲಿ ಕಟ್ಟಿದ ಸಂಸ್ಥೆಯಿದು. ಇಲ್ಲಿನ ವಿದ್ವಾಂಸರು 2021ರಲ್ಲಿ ತಮ್ಮ ಆವರಣದ ಎರಡು ಕಟ್ಟಡಗಳ ನಡುವೆ ಬೆಳಕಿನ ಕಣಗಳ ಮೂಲಕ ಗುಪ್ತಲಿಪಿಯ ಕೀಲಿಯನ್ನು ಸಾಗಿಸಿ ತೋರಿದರು. ನಡುವೆ ಕಳ್ಳನು ಆ ಕಣಗಳನ್ನು ಓದಲೆಳಸಿದರೆ ಅವುಗಳ ಸ್ಥಿತಿಯು ಕದಡುವುದು. ಕಳುಹಿಸಿದವರಿಗೂ ಪಡೆದವರಿಗೂ ಕಳ್ಳತನವು ಗೊತ್ತಾಗುವುದು. ವಜ್ರದೊಳಗೆ ಸಾರಜನಕದ ಪರಮಾಣುವನ್ನು ಸೇರಿಸಿದರೆ ಅಲ್ಲಿನ ಇಂಥದೇ ಸ್ಥಿತಿಯು ಅತ್ಯಲ್ಪ ಕಾಂತಶಕ್ತಿಗೂ ಮಿಡಿಯುವುದಾಗಿ, ಅದನ್ನೇ ಮಾಪನಕ್ಕೆ ಬಳಸುವರು. ಗಣಕಕ್ಕೆ ತೊಡಕಾದ ಸೌಕುಮಾರ್ಯವೇ ಸಂದೇಶಕ್ಕೆ ಕಾವಲು, ಮಾಪನಕ್ಕೆ ಕಣ್ಣು. ಇದನ್ನು ತಿಳಿದಾಗ ನನಗಾದ ಸಂತೋಷವು ಅಷ್ಟಿಷ್ಟಲ್ಲ.

ಮನೆಗೆ ಬಂದೊಡನೆ ಮಗನು, "ಇದರಿಂದ ಪ್ರಯೋಜನವೇನಪ್ಪ?" ಎಂದು ಕೇಳಿದನು. ಉಳಿದ ಗಣಕಗಳಿಗೆ ಅಸಾಧ್ಯವಾದ ನಿತ್ಯೋಪಯೋಗಿ ಕಾರ್ಯಗಳನ್ನು ಮಾಡುವ ಯಂತ್ರವು ಇನ್ನೂ ಸಿದ್ಧವಾಗಿಲ್ಲವೆಂಬುದನ್ನು ನಾನು ಮರೆಮಾಚಲಿಲ್ಲ. "ಕೊಬ್ಬರಿಗಾಗಿ ಕಾಯನ್ನು ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಬಿಡುತ್ತೀಯಲ್ಲ, ದಿನವೂ ಒಂದೊಂದನ್ನು ಒಡೆದು ನೋಡುವೆಯೇನು?" ಎಂದಷ್ಟೇ ಕೇಳಿದೆನು. ಅವನು ಉತ್ತರ ಕೊಡದೆ ತೋಟಕ್ಕೆ ಹೊರಟುಹೋದನು.

ಮರುದಿನ ಬೆಳಗ್ಗೆ ಕಾಫಿಯ ವೇಳೆಯಲ್ಲಿ ಅವನು ಮಗಳನ್ನು ಕೇಳಿದ ಮಾತು ನನ್ನ ಕಿವಿಗೂ ಬಿದ್ದಿತು: "ಅರ್ಜಿ ಹಾಕಲು ಕಡೆಯ ದಿನ ಯಾವುದಮ್ಮ?"